ಕರೆಂಟು ಹೋಗಿ ಬಂದರೆ ಪೈ ತನ್ನ ಗಡಿಯಾರ ಮರೆಯುವುದೇಕೆ?

ಪ್ರಶ್ನೆ: ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿಗೆ, ಬ್ಯಾಟರಿಯಲ್ಲಿ ಸಮಯ ಉಳಿಸಿಕೊಳ್ಳುವ ಡಿಎಸ್3231 ಗಡಿಯಾರದ ಮಾಡ್ಯೂಲ್ ಜೋಡಿಸಿದ್ದೇನೆ. ಐ2ಸಿ (ಚಿಪ್ಪುಗಳು ಎರಡು ತಂತಿಯಲ್ಲಿ ಮಾತಾಡುವ ವ್ಯವಸ್ಥೆ) ವಿಳಾಸಗಳನ್ನು ತೋರಿಸುವ ಐ2ಸಿಡಿಟೆಕ್ಟ್ ಆಜ್ಞೆಯಲ್ಲಿ 68 ಕಾಣುತ್ತದೆ. ನ್ಯೂ_ಡಿವೈಸ್ ಫೈಲಿಗೆ ಚಿಪ್ಪಿನ ಹೆಸರು, ವಿಳಾಸ ಬರೆದರೆ ಕೆಲಸವೂ ಮಾಡುತ್ತದೆ. ರೀಬೂಟ್ ಆದರೆ ಮತ್ತೆ ಮೊದಲಿನಿಂದ. ಪೆನ್‌ಡ್ರೈವನ್ನು ತಾನೇ ಗುರುತಿಸುವ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಮ್‌ನ ತಿರುಳಿಗೆ) ಇದೇಕೆ ಗೊತ್ತಾಗುವುದಿಲ್ಲ?

ಉತ್ತರ: ಯುಎಸ್‌ಬಿ, ಪಿಸಿಐ ಸಾಧನಗಳು ಕೇಳಿದರೆ ತಯಾರಕರ ಸಂಖ್ಯೆ, ಮಾದರಿ ಸಂಖ್ಯೆ ಹೇಳುತ್ತವೆ, ಅದನ್ನು ನೋಡಿ ಕರ್ನಲ್ ಡ್ರೈವರ್ (ಸಾಧನ ನಡೆಸುವ ತಂತ್ರಾಂಶ) ಹುಡುಕುತ್ತದೆ. ಐ2ಸಿಯಲ್ಲಿ ಆ ಏರ್ಪಾಡಿಲ್ಲ. 68ರಲ್ಲಿ ಯಾರೋ ಓಗೊಟ್ಟರು ಎನ್ನುವುದಷ್ಟೇ ತಿಳಿಯುತ್ತದೆ. ಅದು ಗಡಿಯಾರವೋ, ಅದೇ ವಿಳಾಸದ ಎಂಪಿಯು6050 ಸೆನ್ಸರೋ ಹೇಳಲಾಗದು. ನ್ಯೂ_ಡಿವೈಸ್‌ಗೆ ನೀವು ಬರೆದದ್ದು ಮೆಮೊರಿಯಲ್ಲಿ ಮಾತ್ರ ಇರುತ್ತದೆ.

ಆದ್ದರಿಂದ ಬೂಟ್ ಹೊತ್ತಿಗೇ ಡಿವೈಸ್ ಟ್ರೀಯಲ್ಲಿ, ಅಂದರೆ ಬೋರ್ಡಿನಲ್ಲಿ ಏನೇನಿದೆ ಎಂದು ಕರ್ನಲ್‌ಗೆ ತಿಳಿಸುವ ಪಟ್ಟಿಯಲ್ಲಿ, ಈ ವಿವರ ಇರಬೇಕು. ಕರ್ನಲ್‌ಗಿಂತ ಮೊದಲು ಓಡುವ ಪೈನ ಫರ್ಮ್‌ವೇರ್ ಕಾನ್ಫಿಗ್.ಟಿಎಕ್ಸ್‌ಟಿ ಫೈಲು ಓದಿ, ಅಲ್ಲಿ ಹೇಳಿದ ಓವರ್‌ಲೇಯನ್ನು (ಹೆಚ್ಚುವರಿ ವಿವರದ ತುಣುಕನ್ನು) ಟ್ರೀಗೆ ಸೇರಿಸಿ ಕರ್ನಲ್‌ಗೆ ಒಪ್ಪಿಸುತ್ತದೆ. ಪೈ ಓಎಸ್‌ನ ಬುಕ್‌ವರ್ಮ್ ಆವೃತ್ತಿಯಿಂದೀಚೆಗೆ ಆ ಫೈಲು /ಬೂಟ್/ಫರ್ಮ್‌ವೇರ್ ಒಳಗಿದೆ. ಹಳೆಯ ವಿಡಿಯೊಗಳು ತೋರಿಸುವ /ಬೂಟ್‌ನಲ್ಲಿ ತಿದ್ದಿ ಪ್ರಯೋಜನವಿಲ್ಲ. ಎಲ್ಲ ಬೋರ್ಡಿಗೂ ಅನ್ವಯಿಸುವ ವಿಭಾಗದ ಗುರುತಾದ ಕೊನೆಯ [ಆಲ್] ಕೆಳಗೆ ಈ ಎರಡು ಸಾಲು ಸೇರಿಸಿ (ಫೈಲಿನಲ್ಲಿ ಇಂಗ್ಲಿಷ್ ಸಣ್ಣಕ್ಷರ):

ಡಿಟಿಪ್ಯಾರಮ್=ಐ2ಸಿ_ಆರ್ಮ್=ಆನ್
ಡಿಟಿಓವರ್‌ಲೇ=ಐ2ಸಿ-ಆರ್‌ಟಿಸಿ,ಡಿಎಸ್3231

ರೀಬೂಟ್ ಮಾಡಿ ಐ2ಸಿಡಿಟೆಕ್ಟ್ ಕೊಟ್ಟರೆ 68ರ ಜಾಗದಲ್ಲಿ ‘ಯುಯು’ ಬರಬೇಕು. ಡ್ರೈವರ್ ಆ ವಿಳಾಸ ಹಿಡಿದಿದೆ ಎಂದರ್ಥ. ಕರ್ನಲ್ ಸಂದೇಶ ತೋರಿಸುವ ಡಿಎಂಇಎಸ್‌ಜಿ ಆಜ್ಞೆಯಲ್ಲಿ ಆರ್‌ಟಿಸಿ-ಡಿಎಸ್1307 ಎಂದು ಕಂಡರೆ ಗಾಬರಿ ಬೇಡ, ಡಿಎಸ್1307, ಡಿಎಸ್3231 ಎರಡೂ ಚಿಪ್ಪಿಗೆ ಅದೇ ಡ್ರೈವರ್. ಇಂಟರ್ನೆಟ್ ಸಮಯ ಸರಿಯಿರುವಾಗ ಎಚ್‌ಡಬ್ಲ್ಯುಕ್ಲಾಕ್ -ಡಬ್ಲ್ಯು ಆಜ್ಞೆ ಕೊಟ್ಟು ಅದನ್ನು ಚಿಪ್ಪಿಗೆ ಬರೆಯಿರಿ. ಫೇಕ್-ಎಚ್‌ಡಬ್ಲ್ಯುಕ್ಲಾಕ್ ಪ್ಯಾಕೇಜ್ ಇದ್ದರೆ ತೆಗೆದುಹಾಕಿ. ಅದು ಫೈಲಿನಲ್ಲಿ ಉಳಿಸಿಟ್ಟ ಹಳೆಯ ಸಮಯವನ್ನೇ ಬೂಟ್ ವೇಳೆ ಕೂರಿಸುತ್ತದೆ.

ಇನ್ನೂ 68 ಎಂದೇ ಇದ್ದರೆ ಸಾಮಾನ್ಯವಾಗಿ ಎರಡರಲ್ಲಿ ಒಂದು ಕಾರಣ. ಸಾಲು [ಸಿಎಂ4] ಎಂಬಂಥ ವಿಭಾಗದೊಳಗೆ ಬಿದ್ದಿದೆ, ಆಗ ಅದು ಆ ಬೋರ್ಡಿಗೆ ಮಾತ್ರ ಅನ್ವಯ. ಇಲ್ಲವೇ ಓವರ್‌ಲೇ ಹೆಸರು ತಪ್ಪಿದೆ. ಹೆಸರು ತಪ್ಪಿದರೂ ಬೂಟ್ ನಿಲ್ಲುವುದಿಲ್ಲ, ಫರ್ಮ್‌ವೇರ್ ಸದ್ದಿಲ್ಲದೆ ಮುಂದೆ ಹೋಗುತ್ತದೆ. ಅದರ ದೂರು ವಿಸಿಲಾಗ್ ಆಜ್ಞೆಯಲ್ಲಿ ಸಿಗುತ್ತದೆ. 68 ಕೂಡ ಇಲ್ಲವಾದರೆ ವೈರಿಂಗ್ ನೋಡಿ: ಎಸ್‌ಡಿಎ (ಐ2ಸಿಯ ಡೇಟಾ ತಂತಿ) ಪೈನ 3ನೇ ಪಿನ್ನಿಗೆ, ಎಸ್‌ಸಿಎಲ್ (ಕ್ಲಾಕ್ ತಂತಿ) 5ಕ್ಕೆ, ಗ್ರೌಂಡ್ 6ಕ್ಕೆ.

ಮಾಡ್ಯೂಲಿನ ವಿದ್ಯುತ್ ಪಿನ್ನಾದ ವಿಸಿಸಿಯನ್ನು 1ನೇ ಪಿನ್ನಿನ 3.3 ವೋಲ್ಟಿಗೇ ಕೊಡಿ. 5 ವೋಲ್ಟ್ ಕೊಟ್ಟರೆ, ಐ2ಸಿ ತಂತಿಗಳನ್ನು ವಿಸಿಸಿಗೆ ಜೋಡಿಸುವ ಮಾಡ್ಯೂಲಿನ ಪುಲ್‌ಅಪ್ ರೆಸಿಸ್ಟರುಗಳು ಅದನ್ನೇ ಪೈನ 3.3 ವೋಲ್ಟಿನ ಪಿನ್ನುಗಳಿಗೆ ಹಾಯಿಸುತ್ತವೆ. ಅಗ್ಗದ ಜೆಡ್‌ಎಸ್-042 ಬೋರ್ಡಿನಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಸರ್ಕಿಟ್ ಬೇರೆ ಇದೆ, 5 ವೋಲ್ಟಿನಲ್ಲಿ, ಚಾರ್ಜ್ ಮಾಡಬಾರದ ಮಾಮೂಲಿ ಸಿಆರ್2032 ಸೆಲ್ ಅದರಿಂದ ಉಬ್ಬಬಹುದು.