ಅಕ್ಷರ ಗುಂಡಿನ ಮುಂದೆ ಕೂರಿಸಿ ತಿದ್ದಿಸಿ

ಚಿತ್ರದುರ್ಗ ಜಿಲ್ಲೆಯ ಪ್ರೌಢಶಾಲೆಯೊಂದರ ಸಮಾಜ ವಿಜ್ಞಾನ ಶಿಕ್ಷಕಿಯೊಬ್ಬರು ಬರೆದ ಪತ್ರದ ಸಾರ ಹೀಗಿದೆ: ಬ್ರಹ್ಮಗಿರಿಯ ಅಶೋಕನ ಶಾಸನದ ಬಗ್ಗೆ ಒಂದು ಪುಟ ಬರೆದು ತರಲು ಮಕ್ಕಳಿಗೆ ಹೇಳಿದಾಗ, ಬಂದ 36 ಪುಸ್ತಕಗಳ ಪೈಕಿ 29ರಲ್ಲಿ ಮೊಬೈಲಿನಿಂದ ಇಳಿಸಿಕೊಂಡ ಒಂದೇ ಬರಹವಿತ್ತು. ‘ಈ ಶಾಸನದಲ್ಲಿ ಅಶೋಕನ ಹೆಸರನ್ನು ಕೆತ್ತಲಾಗಿದೆ’ ಎಂಬ ವಾಕ್ಯವೂ ಅದರಲ್ಲಿತ್ತು. “ಇಂಟರ್‌ನೆಟ್ಟಿನಲ್ಲಿ ಇತಿಹಾಸದ ಭಂಡಾರವೇ ಇದೆ ಎಂದು ನಿಮ್ಮ ಪತ್ರಿಕೆ ಬರೆದಿತ್ತು. ನಮ್ಮ ಶಾಲೆಯಲ್ಲಿರುವುದು ಒಂದು ಪ್ರೊಜೆಕ್ಟರ್, ಅದೂ ಕರೆಂಟು ಇದ್ದಾಗ. ಮೊಬೈಲು ಮುಟ್ಟಲೇಬೇಡಿ ಎಂದು ಹೇಳಿಬಿಡುವುದು ಒಳ್ಳೆಯದಲ್ಲವೇ?” ಎಂದು ಅವರು ಕೇಳಿದ್ದಾರೆ.

ಮಾನ್ಯರೇ,

ಹಾಗೆ ಹೇಳಬೇಡಿರೆಂದು ನನ್ನ ಕಳಕಳಿಯ ವಿನಂತಿ. ಮಕ್ಕಳು ತಪ್ಪಿದ್ದು ಮೊಬೈಲು ನೋಡಿದ್ದರಿಂದಲ್ಲ, ಅದರಲ್ಲಿ ಯಾರೋ ಬರೆದಿಟ್ಟ ಉತ್ತರವನ್ನು ಮಾತ್ರ ನೋಡಿದ್ದರಿಂದ. ‘ಶಾಸನದ ಬಗ್ಗೆ ಬರೆಯಿರಿ’ ಎಂದು ಕೇಳಿದರೆ ಸಿದ್ಧ ಉತ್ತರವೇ ಸಿಗುತ್ತದೆ. ‘ಶಾಸನದಲ್ಲಿ ಅಶೋಕ ಎಂಬ ಹೆಸರು ಎಲ್ಲಿದೆ, ಹುಡುಕಿ ಗೆರೆ ಎಳೆಯಿರಿ’ ಎಂದು ಕೇಳಿದರೆ ಮೂಲವನ್ನು ತೆರೆಯದೆ ಗತ್ಯಂತರವಿಲ್ಲ. ತೆರೆದವರಿಗೆ ಆ ಹೆಸರು ಸಿಗುವುದಿಲ್ಲ, ಏಕೆಂದರೆ ಬ್ರಹ್ಮಗಿರಿಯಲ್ಲಾಗಲಿ, ಹತ್ತಿರದ ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳಲ್ಲಾಗಲಿ ‘ಅಶೋಕ’ ಎಂಬ ಪದವೇ ಇಲ್ಲ. ಇರುವುದು ‘ದೇವಾನಾಂಪ್ರಿಯ’ ಎಂಬ ಬಿರುದು ಮಾತ್ರ.

ಹಾಗಾದರೆ ಅದು ಅಶೋಕನದೆಂದು ಗೊತ್ತಾದದ್ದು ಹೇಗೆ? ನಿಜವಾದ ಪಾಠ ಇಲ್ಲಿಂದ ಶುರುವಾಗುತ್ತದೆ. ಬ್ರಾಹ್ಮಿ ಲಿಪಿಯನ್ನು ಜೇಮ್ಸ್ ಪ್ರಿನ್ಸೆಪ್ ಬಿಡಿಸಿದ್ದು 1837ರ ಸುಮಾರಿಗೆ. ಬೇರೆ ಶಾಸನಗಳಲ್ಲಿ ‘ದೇವಾನಾಂಪ್ರಿಯ’ದ ಜೊತೆಗೆ ಬರುವ ‘ಪ್ರಿಯದರ್ಶಿ’ ಎಂದರೆ ಅಶೋಕನೇ ಇರಬೇಕೆಂಬ ಸುಳಿವು ಅದೇ ಕಾಲದಲ್ಲಿ ಸಿಂಹಳದ ಪಾಳಿ ಗ್ರಂಥಗಳಿಂದ ದೊರೆಯಿತು. ನಮ್ಮ ಜಿಲ್ಲೆಯ ಮೂರು ಶಾಸನಗಳನ್ನು ಮೈಸೂರು ಸಂಸ್ಥಾನದ ಶಾಸನತಜ್ಞ ಬಿ.ಎಲ್. ರೈಸ್ ಬೆಳಕಿಗೆ ತಂದದ್ದು 1892ರಲ್ಲಿ. ಕಲ್ಲಿನ ಮೇಲೆಯೇ ದೇವಾನಾಂಪ್ರಿಯ ಮತ್ತು ಅಶೋಕ ಎಂಬೆರಡು ಹೆಸರುಗಳು ಒಟ್ಟಿಗೆ ಕಂಡದ್ದು 1915ರಲ್ಲಿ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲಿ, ಚಿನ್ನದ ಗಣಿಯ ಎಂಜಿನಿಯರ್ ಒಬ್ಬರಿಗೆ. ಬ್ರಹ್ಮಗಿರಿ ಮತ್ತು ಮಸ್ಕಿ ಎರಡರ ಪಾಠವೂ ಅಚ್ಚುಪಡಿಯ (ಬಂಡೆಯ ಮೇಲೆ ಕಾಗದ ಒತ್ತಿ ತೆಗೆದ ಪಡಿಯಚ್ಚಿನ) ಚಿತ್ರಗಳೊಂದಿಗೆ ಜರ್ಮನ್ ವಿದ್ವಾಂಸ ಹುಲ್ಟ್ಷ್ ಅವರು 1925ರಲ್ಲಿ ಹೊರತಂದ ಅಶೋಕನ ಶಾಸನಗಳ ಸಂಪುಟದಲ್ಲಿವೆ, ಮತ್ತು ಆ ಸಂಪುಟ ಇಂಟರ್ನೆಟ್ ಆರ್ಕೈವ್ (archive.org) ಎಂಬ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ನಾನು ಓದುವ ಕಾಲಕ್ಕೆ ಈ ಪುಸ್ತಕವನ್ನು ನೋಡಲು ದೊಡ್ಡ ಊರಿನ ಗ್ರಂಥಾಲಯಕ್ಕೆ ಹೋಗಿ ಅನುಮತಿ ಪಡೆಯಬೇಕಿತ್ತು. ಇಂದು ಚಳ್ಳಕೆರೆಯ ಬಸ್‌ಸ್ಟ್ಯಾಂಡಿನಲ್ಲಿ ಕುಳಿತೇ ನೋಡಬಹುದೆಂಬುದು ನನಗೆ ಈಗಲೂ ಸಂತೋಷದ ಸಂಗತಿ.

ಕಳೆದ ಬೇಸಿಗೆ ರಜೆಯಲ್ಲಿ ಏಳನೇ ತರಗತಿಯ ನನ್ನ ತಂಗಿಯ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬ್ರಹ್ಮಗಿರಿಯ ಆ ಚಿತ್ರವನ್ನು ತೆರೆದೆ. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸುತ್ತಾ ಸಾಲುಗಳ ಕೊನೆಗೆ ಬಂದವಳು, “ಮಾಮ, ಕೊನೇ ಅಕ್ಷರ ಬೇರೆ ಯಾರೋ ಬರ್ದಂಗೈತಲ್ಲ?” ಎಂದಳು. ಬರೆದವನು ಬೇರೆಯವನಲ್ಲ, ಲಿಪಿ ಬೇರೆ. ಬರೆದವನು ತನ್ನ ಹೆಸರು ಚಪಡ ಎಂದು ಬ್ರಾಹ್ಮಿಯಲ್ಲಿ ಹೇಳಿಕೊಂಡು, ‘ಲಿಪಿಕಾರನಿಂದ’ ಎಂಬ ಅರ್ಥದ ಕೊನೆಯ ಪದವನ್ನು ಮಾತ್ರ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯದ ಗಾಂಧಾರದ ಕಡೆ. ಅಲ್ಲಿನ ಲಿಪಿ ಬಲ್ಲವನೊಬ್ಬ ಮೊಳಕಾಲ್ಮೂರಿನ ಬಂಡೆಗೆ ಏಕೆ ಬಂದ, ಯಾರು ಕಳಿಸಿದರು ಎಂದು ಅವಳು ಕೇಳತೊಡಗಿದಾಗ, ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು (ಹಿರಿಯ ಅಧಿಕಾರಿಗಳು) ಈ ಬಂಡೆಯ ಆಸುಪಾಸಿನ ಊರಾದ ಇಸಿಲದ ಮಹಾಮಾತ್ರರ ಆರೋಗ್ಯ ವಿಚಾರಿಸುವ ಮೊದಲ ಸಾಲುಗಳನ್ನು ಓದಿ ಹೇಳಿದೆ. ಮೌರ್ಯರ ಆಡಳಿತದ ಬಗ್ಗೆ ನಾನು ಬೇರೇನನ್ನೂ ವಿವರಿಸಬೇಕಾಗಲಿಲ್ಲ.

ಒಂದೇ ಪ್ರೊಜೆಕ್ಟರ್ ಇದೆ ಎಂದಿದ್ದೀರಿ; ಇದಕ್ಕೆ ಅದೂ ಬೇಡ. ಹಿಂದಿನ ರಾತ್ರಿ ಇಡೀ ಪುಸ್ತಕವನ್ನಲ್ಲ, ಬೇಕಾದ ಪುಟವನ್ನಷ್ಟೇ ಇಳಿಸಿಕೊಂಡು, ನಾಲ್ಕು ಮಕ್ಕಳಿಗೊಂದರಂತೆ ಜೆರಾಕ್ಸ್ ತೆಗೆಸಿದರೆ ಒಂಬತ್ತು ಹಾಳೆ ಸಾಕು. ಮನೆಯ ಮೊಬೈಲು ಅಪ್ಪನೊಂದಿಗೆ ಹೊಲಕ್ಕೆ ಹೋಗಿ ರಾತ್ರಿ ಹಿಂದಿರುಗುವ ಮಕ್ಕಳೂ ನಿಮ್ಮ ತರಗತಿಯಲ್ಲಿರುತ್ತಾರೆ. ಮೊಬೈಲಿನಲ್ಲಿ ನೋಡಿ ಬನ್ನಿ ಎಂಬ ಮನೆಗೆಲಸ ಅವರಿಗೆ ಅನ್ಯಾಯ. 

ಹುಡುಕುವ ವಿಧಾನವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ‘ಏನೂ ಸಿಗಲಿಲ್ಲ’ ಎಂದು ನಮಗೆ ಬರೆಯುವ ಶಿಕ್ಷಕರಲ್ಲಿ ಬಹುತೇಕರು ಎಡವುವುದು ಇಲ್ಲಿ. ಹಳೆಯ ದಾಖಲೆಗಳಲ್ಲಿ ನಮ್ಮ ಊರಿನ ಹೆಸರು ಇಂಗ್ಲಿಷಿನಲ್ಲಿ ‘ಚಿತಲ್‌ದ್ರೂಗ್’ ಅಥವಾ ‘ಚಿತಲ್‌ಡ್ರಗ್’ ಎಂದಿದೆ. ಹಾಗೆ ಬರೆದು ಹುಡುಕಬೇಕು. ರೈಸ್ ಅವರು ಜಿಲ್ಲಾವಾರು ಹೊರತಂದ ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ 11ನೇ ಸಂಪುಟ ಈ ಜಿಲ್ಲೆಯದು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಾದ್ದರಿಂದ ದಾವಣಗೆರೆ, ಹರಿಹರ, ಜಗಳೂರಿನ ಶಾಸನಗಳೂ ಅದರಲ್ಲೇ ಇವೆ. ಆದರೆ ಹೊನ್ನಾಳಿ, ಚನ್ನಗಿರಿ ಆಗ ಶಿವಮೊಗ್ಗಕ್ಕೆ ಸೇರಿದ್ದರಿಂದ ಅವುಗಳಿಗೆ 7ನೇ ಸಂಪುಟ ತೆರೆಯಬೇಕು. ಶಾಸನದ ಪಾಠ ಕನ್ನಡ ಲಿಪಿಯಲ್ಲೂ ಅಚ್ಚಾಗಿರುವುದರಿಂದ ಮಕ್ಕಳೇ ಓದಬಹುದು. ತಮ್ಮ ಊರಿನ ಹೆಸರು ಅದರಲ್ಲಿ ಕಂಡರೆ ಅವರು ಪುಟವನ್ನು ಸುಲಭಕ್ಕೆ ಕೈಬಿಡುವುದಿಲ್ಲ.

ಮೂಲ ಪುಸ್ತಕದಲ್ಲಿದೆ ಎಂದಮಾತ್ರಕ್ಕೆ ಅದೇ ಕೊನೆಯ ಮಾತೆಂದು ಮಕ್ಕಳು ತಿಳಿಯಬಾರದು. ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಯಲ್ಲಿರುವ, ಕದಂಬ ರಾಜ ಮಯೂರಶರ್ಮನ ಶಾಸನವನ್ನು ಪುರಾತತ್ವಜ್ಞ ಡಾ. ಎಂ.ಎಚ್. ಕೃಷ್ಣ ಅವರು ಓದಿದಾಗ ಆಭೀರ, ಪಲ್ಲವ, ಶಕಸ್ಥಾನ ಮೊದಲಾದವುಗಳನ್ನು ಗೆದ್ದ ಪಟ್ಟಿಯೇ ಅದರಲ್ಲಿ ಕಂಡಿತ್ತು. ಮುಂದಿನ ವಿದ್ವಾಂಸರು ಅದೇ ಸವೆದ ಅಕ್ಷರಗಳನ್ನು ಬೇರೆ ಬಗೆಯಾಗಿ ಓದಿ ಆ ಪಟ್ಟಿಯನ್ನು ಒಪ್ಪಲಿಲ್ಲ. ಎರಡೂ ಓದುಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿ. ಓಬವ್ವನ ವಿಚಾರದಲ್ಲಿ ಮಾತ್ರ ಮೃದುವಾಗಿರಿ: ರೀಲ್ಸ್ ನೋಡಿ ಬಂದ ಮಗುವಿಗೆ ಅದು ಸುಳ್ಳೆಂದೂ ಹೇಳದೆ, ಕಂಡಷ್ಟೂ ನಿಜವೆಂದೂ ಹೇಳದೆ, ಕೋಟೆ ಹೈದರನ ವಶವಾದ 1779ರ ಸಂಗತಿ ನಮಗೆ ಯಾವುದರಿಂದ ತಿಳಿಯಿತು, ಕಿಂಡಿಯ ಕಥೆ ಯಾರ ಬಾಯಿಂದ ಬಂತು ಎಂದು ಕೇಳಿದರೆ ಸಾಕು.

ಇನ್ನು ಆ 29 ಪುಸ್ತಕಗಳ ವಿಚಾರ. ಅವುಗಳಿಗೆ ಈಗಲೇ ಕೆಂಪು ಗೆರೆ ಎಳೆಯಬೇಡಿ. ಒಂದು ಶನಿವಾರ ಮಕ್ಕಳನ್ನು ಬ್ರಹ್ಮಗಿರಿಗೆ ಕರೆದೊಯ್ಯಿರಿ. ಊರಿನವರು ಹಿಂದಿನಿಂದಲೂ ಅಕ್ಷರ ಗುಂಡು ಎಂದು ಕರೆಯುತ್ತ ಬಂದ ಬಂಡೆ ಅದು. ಅಕ್ಷರ ಕಾಣಲೆಂದು ಚಾಕ್‌ಪುಡಿ ಹಚ್ಚುವುದಾಗಲಿ, ನೀರು ಸುರಿಯುವುದಾಗಲಿ ಯಾರೂ ಮಾಡದಂತೆ ನೋಡಿಕೊಳ್ಳಿ. ಕೈಯಲ್ಲಿರುವ ಜೆರಾಕ್ಸ್ ಹಾಳೆಯೊಂದಿಗೆ ಬಂಡೆಯನ್ನು ಹೋಲಿಸಿದರೆ ಸಾಲುಗಳು ತಾವಾಗಿ ಗುರುತು ಸಿಗುತ್ತವೆ. ಅಲ್ಲೇ ಕುಳಿತು, ‘ಅಶೋಕನ ಹೆಸರನ್ನು ಕೆತ್ತಲಾಗಿದೆ’ ಎಂಬ ವಾಕ್ಯವನ್ನು ಮಕ್ಕಳೇ ತಮ್ಮ ಪುಸ್ತಕದಲ್ಲಿ ತಿದ್ದಲಿ, ಯಾವ ಆಧಾರದಿಂದ ತಿದ್ದಿದೆವೆಂದು ಕೆಳಗೆ ಬರೆಯಲಿ. ಹಾಗೆ ತಿದ್ದಿದ ಪುಟಗಳಲ್ಲಿ ಎರಡು ಮೂರನ್ನು ನಮಗೆ ಕಳಿಸಿಕೊಟ್ಟರೆ ಮುಂದಿನ ಸಂಚಿಕೆಯಲ್ಲಿ ಮಕ್ಕಳ ಕೈಬರಹದಲ್ಲಿಯೇ ಪ್ರಕಟಿಸುತ್ತೇವೆ.

– ಸಂಪಾದಕ