ಪಾಲಿಪ್ ತೆಗೆಯಲು ಹೊಟ್ಟೆ ಕೊಯ್ಯಬೇಕಾ?
ಗರ್ಭಕೋಶದ ಒಳಗೊಂದು, ಅದರ ಬಾಯಲ್ಲೊಂದು ಪಾಲಿಪ್ (ಒಳಪದರದಿಂದ ಬೆಳೆಯುವ ಸಣ್ಣ ಗಡ್ಡೆ) ಇದೆ, ಹೊಟ್ಟೆ ಕೊಯ್ಯುತ್ತಾರಾ ಅಂತ ಕೇಳಿದ್ದೀರಿ ಅಲ್ವಾ. ಸಾಮಾನ್ಯವಾಗಿ ಎರಡಕ್ಕೂ ಬೇಕಾಗುವುದಿಲ್ಲ. ಬಾಯಲ್ಲಿರುವುದು ತೊಟ್ಟಿಗೆ ನೇತಾಡುವ ಸಣ್ಣ ಕೆಂಪು ಹಣ್ಣಿನ ಥರ. ಡಾಕ್ಟರು ಫೋರ್ಸೆಪ್ಸ್ ಅನ್ನುವ ಇಕ್ಕಳದಲ್ಲಿ ಹಿಡಿದು ತಿರುಚಿ ತೆಗೆದುಬಿಡುತ್ತಾರೆ, ಎಷ್ಟೋ ಸಲ ಅರಿವಳಿಕೆಯೂ ಬೇಡ. ಒಳಗಿನದಕ್ಕೆ ಹಿಸ್ಟರೋಸ್ಕೋಪಿ: ಕೆಳಗಿನಿಂದಲೇ ತೆಳ್ಳಗಿನ ಕ್ಯಾಮೆರಾ ನಳಿಗೆ ಹಾಕಿ, ಸಲೈನ್ ಬಿಟ್ಟು ಒಳಗೆ ಜಾಗ ಮಾಡಿಕೊಂಡು, ಕಣ್ಣಾರೆ ನೋಡುತ್ತಲೇ ಬುಡದಿಂದ ಕತ್ತರಿಸುತ್ತಾರೆ. ನೋಡದೆ ಸುಮ್ನೆ ಕೆರೆಯುವ ಡಿ ಅಂಡ್ ಸಿ ಮಾತ್ರ ಸಾಕು ಅಂದರೆ ಯಾಕೆ ಅಂತ ಕೇಳಿ, ಅದರಲ್ಲಿ ಪಾಲಿಪ್ ತಪ್ಪಿಹೋಗುವುದು ಜಾಸ್ತಿ. ಹೆಚ್ಚಿನವರು ಅದೇ ದಿನ ಮನೆಗೆ ಹೋಗುತ್ತಾರೆ. ಮುಟ್ಟಿನ ಥರ ನೋವು, ಸ್ವಲ್ಪ ರಕ್ತ ಇದ್ದೇ ಇರುತ್ತದೆ. ಆದರೆ ಗಂಟೆಗೊಂದು ಪ್ಯಾಡ್ ನೆನೆದರೆ ಅಥವಾ ಜ್ವರ ಬಂದರೆ ಕಾಯಬೇಡಿ. ತೆಗೆದ ತುಂಡನ್ನು ಬಯಾಪ್ಸಿಗೆ ಕಳಿಸಿದರಾ ಅಂತ ನೀವೇ ಕೇಳಿ. ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ, ಆದರೂ ಮುಟ್ಟು ನಿಂತ ಮೇಲೆ ರಕ್ತ ಕಂಡಿದ್ದರಂತೂ ಆ ವರದಿ ನೋಡದೆ ಬಿಡಬೇಡಿ.