ಬಿಪಿಟಿ ಆದ್ಮ್ಯಾಲೆ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಪಿಜಿ ಮಾಡಬಹುದಾ? ಹುಬ್ಬಳ್ಳಿ ಕಡೆ ಕೆಲಸ ಸಿಗ್ತದೇನು?

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ಗದಗದವರು, ಬಿಪಿಟಿ ಅಂದ್ರ ಫಿಸಿಯೋಥೆರಪಿ ಡಿಗ್ರಿ ಮುಗಿಸೀರಿ, ಫಿಸಿಯೋದಾಗ ಮನಸ್ಸಿಲ್ಲ, ಕ್ಲಿನಿಕಲ್ ನ್ಯೂರೋಫಿಸಿಯಾಲಜಿ (ಮೆದುಳು, ನರ, ಸ್ನಾಯುವಿನ ಕರೆಂಟ್ ಅಳೆದು ನೋಡೋ ವಿದ್ಯೆ) ಪಿಜಿ ಮಾಡಿದ್ರ ಮುಂದ ನ್ಯೂರೋ ಡಾಕ್ಟರ್ ಅಂತ ಬೋರ್ಡ್ ಹಾಕಬಹುದಾ, ಇಲ್ಲೇ ಹುಬ್ಬಳ್ಳಿ-ಧಾರವಾಡದಾಗ ಕೆಲಸ ಸಿಗ್ತದೇನು ಅಂತ ಕೇಳೀರಿ. ನಾನು ಹುಬ್ಬಳ್ಳಿಯೊಳಗ ಹನ್ನೊಂದು ವರ್ಷದಿಂದ ಈಈಜಿ (ಮೆದುಳಿನ ಅಲೆಯ ರೆಕಾರ್ಡಿಂಗ್), ನರ್ವ್ ಟೆಸ್ಟ್ ಮಾಡಿಕೊಂಡು ಇದ್ದೀನಿ, ಡಾಕ್ಟರ್ ಅಲ್ಲ, ಟೆಕ್ನಾಲಜಿಸ್ಟ್. ನನಗ ಗೊತ್ತಿದ್ದದ್ದು ಹೇಳ್ತೀನಿ.

ಬೋರ್ಡ್ ಹಾಕ್ಲಿಕ್ಕೆ ಬರೂದಿಲ್ರಿ. ಇದನ್ನ ಮೊದಲ ಹೇಳ್ಬೇಕು, ಯಾಕಂದ್ರ ಇದೊಂದು ತಿಳೀಲಾರದ ಫೀಸ್ ಕಟ್ಟಿದವರನ್ನ ನೋಡೀನಿ. ಈ ಫೀಲ್ಡಿನಾಗ ಎರಡು ಕುರ್ಚಿ ಅವ. ಒಂದು, ರೋಗಿ ಹತ್ರ ನಿಂತು ವೈರ್ ಹಚ್ಚಿ ರೆಕಾರ್ಡಿಂಗ್ ತೆಗಿಯೋರದು. ಇನ್ನೊಂದು, ಅದನ್ನ ಓದಿ ರಿಪೋರ್ಟ್ ಮ್ಯಾಲೆ ಸಹಿ ಹಾಕೋರದು. ಇಂಗ್ಲೆಂಡಿನಾಗ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಡಾಕ್ಟರ್‌ಗಳಿಗೆ ಬ್ಯಾರೇನ ಸ್ಪೆಷಾಲಿಟಿ, ನಮ್ಮಲ್ಲೆ ಆ ಕೆಲಸ ಹೆಚ್ಚಾಗಿ ನ್ಯೂರಾಲಜಿಸ್ಟೇ ಮಾಡ್ತಾರ. ಅಂದ್ರ ಎಂಬಿಬಿಎಸ್ ಐದೂವರೆ ವರ್ಷ, ಎಂಡಿ ಮೂರು, ಆಮ್ಯಾಲೆ ಡಿಎಂ ನ್ಯೂರಾಲಜಿ ಮೂರು. ಬಿಪಿಟಿಯಿಂದ ಆ ಕುರ್ಚಿಗೆ ಒಳದಾರಿ ಇಲ್ಲ. ನಿಮಗ ಸಿಗೋದು ಮೊದಲನೇ ಕುರ್ಚಿ, ಇಲ್ಲಾ ರಿಸರ್ಚ್ ಲೈನ್. ಇನ್ನ ಎಂಪಿಟಿ ನ್ಯೂರೋ, ಅಂದ್ರ ಫಿಸಿಯೋಥೆರಪಿಯ ಪಿಜಿ, ಅಂತೂ ಪೂರಾ ಬ್ಯಾರೆ, ಅದು ಸ್ಟ್ರೋಕ್ ಆದವರನ್ನ ಎಬ್ಬಿಸಿ ನಡೆಸೋ ಕೆಲಸ. ಹೆಸರಿನಾಗ ನ್ಯೂರೋ ಅದ ಅಂತ ಒಂದಕ್ಕೊಂದು ಕಲಸಬ್ಯಾಡ್ರಿ.

ಹಂಗಂತ ಮೊದಲನೇ ಕುರ್ಚಿ ಸಣ್ಣದಂತ ತಿಳ್ಕೋಬ್ಯಾಡ್ರಿ. ನಮ್ಮ ಮಾವನೇ ಕೇಳ್ತಿದ್ರು, ಎಲ್ಲಾ ಕಂಪ್ಯೂಟರ್ ಮಾಡ್ತದಲ್ಲೋ, ನಿಂದೇನು ಕೆಲಸ ಅಂತ. ಒಂದು ಲೆಕ್ಕ ಹೇಳ್ತೀನಿ. ಟಾರ್ಚಿಗೆ ಹಾಕೋ ಒಂದು ಸೆಲ್ ಅಂದ್ರ 1.5 ವೋಲ್ಟ್. ತಲಿ ಚರ್ಮದ ಮ್ಯಾಲೆ ನಾವು ಹಿಡಿಯೋ ಮೆದುಳಿನ ಅಲೆ ಸುಮಾರು 50 ಮೈಕ್ರೋವೋಲ್ಟ್, ಆ ಸೆಲ್ಲಿನ ಮೂವತ್ತು ಸಾವಿರದಾಗ ಒಂದು ಪಾಲು. ಗ್ವಾಡಿಯೊಳಗಿನ ವೈರಿಂಗ್ 50 ಹರ್ಟ್ಜ್‌ನಾಗ ಗುಂಯ್ ಅಂತಿರ್ತದ, ಹೃದಯ ಬಡೀತಿರ್ತದ, ಕಣ್ಣು ಪಿಳುಕಿಸ್ತಾರ, ಹಲ್ಲು ಕಡೀತಾರ, ಇಷ್ಟರ ನಡುವ ಆ ಸಣ್ಣ ಅಲೆ ಸ್ವಚ್ಛ ಬರಬೇಕು. ಹಾನ್ಸ್ ಬರ್ಗರ್ ಅನ್ನೋ ಜರ್ಮನ್ ಡಾಕ್ಟರು 1924ರಾಗ ಮನುಷ್ಯರ ಈಈಜಿ ಮೊದಲ ಸಲ ತೆಗೆದು 1929ರ ತನಕ ಪ್ರಕಟ ಮಾಡಲಿಲ್ಲ, ಇದು ಮೆದುಳಿಂದ ಬರೋದೋ ಬ್ಯಾರೆ ಎಲ್ಲಿಂದ ಬರೋದೋ ಅನ್ನೋ ಅನುಮಾನ ಅವರಿಗೂ ಇತ್ತು. ಆ ಅನುಮಾನ ನಮಗ ದಿನಾ ಇರ್ತದ ನೋಡ್ರಿ.

ನಂದೇ ಒಂದು ಹೇಳ್ತೀನಿ. ಕೆಲಸಕ್ಕ ಸೇರಿದ ಹೊಸದಾಗಿ, ನವಲಗುಂದ ಕಡೆಯಿಂದ ಒಂದು ವರ್ಷದ ಕೂಸು ಬಂದಿತ್ತು, ಫಿಟ್ಸ್ ಅಂತ. ಸಿರಪ್ ಕುಡಿಸಿ ತಾಯಿ ತೊಡಿ ಮ್ಯಾಲೆ ಮಲಗಿಸಿ ರೆಕಾರ್ಡಿಂಗ್ ಚಾಲೂ ಮಾಡಿದೆ. ಹತ್ತು ನಿಮಿಷ ಆದ್ಮ್ಯಾಲೆ ತಲಿ ಹಿಂದಿನ ಚಾನೆಲ್‌ನಾಗ ಒಂದೇ ಸಮ ಅಲೆ, ಸೆಕೆಂಡಿಗೆ ಎರಡೋ ಮೂರೋ, ಎಷ್ಟು ಸಾಲಾಗಿ ಅಂದ್ರ ಪುಸ್ತಕದಾಗಿನ ಚಿತ್ರದ ಹಂಗ. ನನಗ ಖುಷಿನೋ ಗಾಬರಿನೋ ತಿಳೀಲಿಲ್ಲ, ಸೀಜರ್ ಅಂತ ಮಾರ್ಕ್ ಮಾಡಿ ಡಾಕ್ಟರಿಗೆ ಫೋನ್ ಹಚ್ಚಿದೆ. ಅವರು ಬಂದು ಸ್ಕ್ರೀನ್ ನೋಡಲಿಲ್ಲ, ಮೊದಲು ತಾಯಿ ಕೈ ನೋಡಿದ್ರು. ಆಕಿ ಕೂಸು ಏಳಬಾರದಂತ ಬೆನ್ನು ತಟ್ಟಿಕೋತ ಕುಂತಿದ್ಲು. ಅವ್ವಾ ಒಂದೀಟ್ ನಿಲ್ಲಸ್ರಿ ಅಂದ್ರು, ಆಕಿ ಕೈ ನಿಂತ ಕೂಡ್ಲೆ ಅಲೆನೂ ನಿಂತ್ವು. ಆವತ್ತು ನನ್ನ ಮಾರ್ಕ್ ಹಂಗ ರಿಪೋರ್ಟಿಗೆ ಹೋಗಿದ್ರ ಆ ಕೂಸು ವರ್ಷಗಟ್ಟಲೆ ಗುಳಿಗೆ ನುಂಗ್ತಿತ್ತು. ರೆಕಾರ್ಡಿಂಗ್ ನಡೆದಾಗ ರೂಮಿನಾಗ ಏನು ನಡೀತು ಅಂತ ಬರೆದಿಡೋದು ಟೆಕ್ನಾಲಜಿಸ್ಟ್ ಕೆಲಸ, ಅದನ್ನ ಯಾವ ಸಾಫ್ಟ್‌ವೇರೂ ನಿಮ್ಮ ಬದಲಿ ನೋಡೂದಿಲ್ಲ.

ಕೈಕೆಲಸನೂ ಬಾಳ ಅದ. ಎಲೆಕ್ಟ್ರೋಡ್ ಅಂದಾಜಿಗೆ ಹಚ್ಚೂದಿಲ್ಲ, 10-20 ಸಿಸ್ಟಮ್ ಅಂತ ಅದ, ಮೂಗಿನ ಬುಡದಿಂದ ಹಿಂದಲೆಯ ಗಂಟಿನ ತನಕ ಟೇಪ್ ಹಿಡಿದು ಅಳತಿ ತಗೋಬೇಕು, 36 ಸೆಂಟಿಮೀಟರ್ ಬಂತಂದ್ರ ಮೊದಲ ಗುರುತು 3.6ಕ್ಕ, ಅಲ್ಲಿಂದ ಮುಂದಿಂದೆಲ್ಲಾ 7.2ಕ್ಕೊಂದು. ನಮ್ಮ ಕಡೆ ಮಂದಿ ದವಾಖಾನಿಗೆ ಹೊಂಟ್ರ ಚಂದಾಗಿ ಕೊಬ್ಬರಿ ಎಣ್ಣಿ ಹಚ್ಚಿ ಬಾಚಿಕೊಂಡು ಬರ್ತಾರ, ಎಣ್ಣಿ ಇದ್ರ ಪೇಸ್ಟ್ ಹಿಡಿಯೂದಿಲ್ಲ. ತಲಿ ತೊಳ್ಕೊಂಡ್ ಬರ್ರಿ ಅಂತ ಚೀಟಿ ಮ್ಯಾಲೆ ಬರೆದು ಕೊಟ್ರೂ ಎಣ್ಣಿ ಇರ್ತದ.

ನರ್ವ್ ಕಂಡಕ್ಷನ್, ಅಂದ್ರ ನರದಾಗ ಸಿಗ್ನಲ್ ಎಷ್ಟು ಜೋರಾಗಿ ಓಡ್ತದ ಅಂತ ನೋಡೋ ಟೆಸ್ಟ್, ನಿಮಗ ಲಗೂ ಹಿಡೀತದ, ಬಿಪಿಟಿಯೊಳಗ ನರ, ಸ್ನಾಯು ಎಲ್ಲಾ ಓದೀರಿ. ಮಂದಿ ಇದಕ್ಕ ಕರೆಂಟ್ ಟೆಸ್ಟ್ ಅಂತಾರ, ಹುಚ್ಚಿನ ದವಾಖಾನಿ ಶಾಕ್ ಇದ ಅಂತ ಹೆದರತಾರ, ಅವರಿಗೆ ತಿಳಿಸಿ ಹೇಳೋದರಾಗ ಅರ್ಧ ಹೊತ್ತು ಹೋಗ್ತದ. ಬ್ಯಾಡಗಿ ಕಡೆಯಿಂದ ಮೆಣಸಿನಕಾಯಿ ತೊಟ್ಟು ಬಿಡಿಸೋ ಹೆಣ್ಮಕ್ಕಳು ಬರ್ತಾರ, ರಾತ್ರಿ ಕೈ ಜೋಮು ಹಿಡಿದು ಎಚ್ಚರ ಆಗ್ತದ್ರಿ, ಕೈ ಜಾಡಿಸಿದ್ರ ಕಮ್ಮಿ ಆಗ್ತದ ಅಂತಾರ. ಅಷ್ಟು ಹೇಳಿದ್ರನ ಕಾರ್ಪಲ್ ಟನೆಲ್ (ಮಣಿಕಟ್ಟಿನಾಗ ನರ ಒತ್ತಿ ಹಿಡಿಯೋ ತೊಂದರಿ) ಇರಬಹುದು ಅಂತ ಹೊಳೀತದ. ಮಣಿಕಟ್ಟಿಗೊಂದು, ಮೊಣಕೈಗೊಂದು ಕರೆಂಟ್ ಕೊಟ್ಟು ನೋಡಿದ್ರ, ನಡುವಿನ ಅಂತರ 22 ಸೆಂಟಿಮೀಟರ್, ಟೈಮಿನ ಫರಕ್ 4 ಮಿಲಿಸೆಕೆಂಡ್, ಅಂದ್ರ ಸೆಕೆಂಡಿಗೆ 55 ಮೀಟರ್, ಮುಂಗೈಯಾಗ ನರ ನೆಟ್ಟಗ ಓಡ್ತದ. ತೊಂದರಿ ಇರೋದು ಮಣಿಕಟ್ಟಿನ ಸಂದಿಯೊಳಗ, ಆ ಸಣ್ಣ ದಾರಿಯೊಳಗ ಎಷ್ಟು ತಡ ಆತು ಅಂತ ಬ್ಯಾರೆ ನೋಡ್ಬೇಕು, ಅದೇ ಕೈಯಿನ ಕಿರುಬೆರಳಿನ ಕಡೆ ಹೋಗೋ ಅಲ್ನಾರ್ ನರದ ಜೋಡಿ ಹೋಲಿಸಬೇಕು. ಕೈ ತಣ್ಣಗಿದ್ರ ಮತ್ತ ಕೆಟ್ಟಿತು, ಒಂದು ಡಿಗ್ರಿ ಇಳಿದ್ರ ವೇಗ ಹೆಚ್ಚುಕಮ್ಮಿ 2 ಮೀಟರ್ ಇಳೀತದ. ಎಸಿ ರೂಮಿನಾಗ ಅರ್ಧ ತಾಸು ಕುಂತ ಮುದುಕಿ ಕೈ ಬೆಚ್ಚಗ ಮಾಡಲಾರದ ಟೆಸ್ಟ್ ಮಾಡಿ ಇಲ್ಲದ ರೋಗ ಹುಟ್ಟಿಸೋರು ಇದ್ದಾರ. ಟೈಮ್ ಲೆಕ್ಕನೂ ಅದ: ಜಿಬಿಎಸ್ (ನರಕ್ಕ ಏಟು ಬಿದ್ದು ಕೈಕಾಲು ಸೋತು ಹೋಗೋ ರೋಗ) ಆದವರಿಗೆ ಮೊದಲ ವಾರ ಎಲ್ಲಾ ನಾರ್ಮಲ್ ಬರಬಹುದು, ನರ ಕತ್ತರಿಸಿದ ಮ್ಯಾಲೆ ಸೂಜಿ ಇಎಂಜಿಯೊಳಗ (ಸ್ನಾಯುವಿಗೆ ಸೂಜಿ ಹಾಕಿ ನೋಡೋ ಟೆಸ್ಟ್) ಫಿಬ್ರಿಲೇಷನ್, ಅಂದ್ರ ನರ ತಪ್ಪಿದ ಸ್ನಾಯು ತಾನಾಗೇ ಮಿಡಿಯೋದು, ಕಾಣ್ಲಿಕ್ಕೆ ಎರಡು-ಮೂರು ವಾರ ಬೇಕು.

ಇನ್ನ ಕೋರ್ಸ್. ಬೆಂಗಳೂರಿನ ನಿಮ್ಹಾನ್ಸ್‌ನಾಗ ಕ್ಲಿನಿಕಲ್ ನ್ಯೂರೋಫಿಸಿಯಾಲಜಿ ಟೆಕ್ನಾಲಜಿ ಬಿಎಸ್ಸಿ ಅದ, ರಾಜೀವ್ ಗಾಂಧಿ ಆರೋಗ್ಯ ವಿವಿ ಅಡಿಯೊಳಗ ಬಿಎಸ್ಸಿ ನ್ಯೂರೋ ಸೈನ್ಸ್ ಟೆಕ್ನಾಲಜಿ ಅಂತ ಅದ. ಮತ್ತ ಬಿಎಸ್ಸಿನಾ ಅಂತ ಮುಖ ಕಿವುಚಬ್ಯಾಡ್ರಿ, ಈ ಕೆಲಸಕ್ಕ ಬುಡ ಅದೇ. ಪಿಜಿ ಅಂತ ಹೆಸರಿಟ್ಟು ಸೀಟ್ ಕೊಡೋ ಕಾಲೇಜ್ ಸಿಕ್ರ ಬಿಪಿಟಿ ನಡೀತದೇನು ಅಂತ ಆ ವರ್ಷದ ಪ್ರಾಸ್ಪೆಕ್ಟಸ್ ತೆರೆದು ನೀವೇ ಓದ್ರಿ, ಏಜೆಂಟನ ಮಾತು ಕೇಳಬ್ಯಾಡ್ರಿ. ಮತ್ತ ಅವರಿಗೆ ಕೇಳ್ರಿ: ದಿನಕ್ಕ ಎಷ್ಟು ಈಈಜಿ ಆಗ್ತಾವ, ಐಸಿಯುದಾಗ ರಾತ್ರಿ ರೆಕಾರ್ಡಿಂಗ್ ಅದೇನು, ವಿಡಿಯೋ ಈಈಜಿ ಅದೇನು, ಆಪರೇಷನ್ ಥಿಯೇಟರಿನಾಗ ಮಾನಿಟರಿಂಗ್ (ಆಪರೇಷನ್ ನಡೆದಾಗ ನರಕ್ಕ ಪೆಟ್ಟು ಆಗ್ಲಾರದಂಗ ಸಿಗ್ನಲ್ ನೋಡ್ಕೋತ ಇರೋದು) ಮಾಡ್ತಾರೇನು, ರಿಪೋರ್ಟ್ ಓದೋ ಡಾಕ್ಟರು ವಿದ್ಯಾರ್ಥಿಗಳನ್ನ ಬಾಜೂಕ ಕುಂದರಿಸ್ಕೋತಾರೇನು. ಮಷೀನ್ ಒಂದೇ, ಅದಕ್ಕ ಪ್ಲಾಸ್ಟಿಕ್ ಕವರ್ ಹಾಕ್ಯಾರ ಅಂದ್ರ ಹೊಳ್ಳಿ ಬಸ್ ಹತ್ರಿ. 2021ರಾಗ ಬಂದ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯೊಳಗ ಈಈಜಿ, ಇಎಂಜಿ ಟೆಕ್ನಾಲಜಿಸ್ಟ್ ಹೆಸರು ಸೇರ್ಯಾವ, ಹಿಂಗಾಗಿ ಮಾನ್ಯತೆ ಇರೋ ಡಿಗ್ರಿನೇ ಮಾಡ್ರಿ, ಮೂರು ತಿಂಗಳ ಸರ್ಟಿಫಿಕೇಟ್ ಬ್ಯಾಡ.

ಕೆಲಸದ ಮಾತು ಸುಳ್ಳು ಹೇಳೂದಿಲ್ಲ. ನಮ್ಮ ಕಡೆ ಒಂದು ಲ್ಯಾಬಿಗೆ ಒಬ್ಬರೋ ಇಬ್ಬರೋ, ಜಾಗಾ ಖಾಲಿ ಆಗೋದು ಅಪರೂಪ. ಆದ್ರ ಛಲೋ ಕೈ ಇದ್ದವರಿಗೆ ಒಂದಕ್ಕ ಎರಡು ಲ್ಯಾಬಿನವರು ಕರೀತಾರ. ಬೆನ್ನುಹುರಿ ಆಪರೇಷನ್ ಮಾನಿಟರಿಂಗ್ ಕಲಿತ್ರ ದೊಡ್ಡ ಊರಿಗೆ ಹೋಗೋ ತಯಾರಿ ಇರಬೇಕು, ಹೊರದೇಶದ ಆಸೆ ಇದ್ರ ಅಬ್ರೆಟ್ (ABRET) ಅನ್ನೋ ಅಮೆರಿಕದ ಸಂಸ್ಥೆ ಈ ಟೆಕ್ನಾಲಜಿಸ್ಟ್‌ಗಳಿಗೆ ನಡೆಸೋ ಪರೀಕ್ಷೆ ಬಗ್ಗೆ ಈಗಿಂದಾನ ಓದಿಕೋರಿ.

ಅಪ್ಲಿಕೇಶನ್ ಹಾಕೋಕಿಂತ ಮೊದಲು ಒಂದು ವಾರ ಯಾವುದರ ಲ್ಯಾಬಿನಾಗ ಕುಂದರ್ರಿ. ಗದಗದಿಂದ ಮುಂಜಾನೆ ಟ್ರೇನ್ ಹತ್ತಿದ್ರ ಹುಬ್ಬಳ್ಳಿಗೆ ಹೊತ್ತಿಗೆ ಸರಿಯಾಗಿ ಮುಟ್ತೀರಿ, ಮಂದಿ ಕಿಮ್ಸ್ ಅನ್ನೋ ಸರ್ಕಾರಿ ದವಾಖಾನಿಯೊಳಗ ಕೇಳ್ರಿ, ಧಾರವಾಡದ ಮಾನಸಿಕ ಆರೋಗ್ಯ, ನರವಿಜ್ಞಾನ ಸಂಸ್ಥೆ ಡಿಮ್ಹಾನ್ಸ್‌ನಾಗ ಕೇಳ್ರಿ, ಎಚ್ಒಡಿಗೆ ಒಂದು ಪತ್ರ ಬರೆದು ಒಯ್ರಿ. ಬರೋ ಮುಂದ ತಲಿಗೆ ಎಣ್ಣಿ ಹಚ್ಚಬ್ಯಾಡ್ರಿ, ಹೊಸಬರು ಬಂದ್ರ ನಾವು ಮೊದಲ ಅವರ ತಲಿಗೇ ಟೇಪ್ ಹಿಡಿಯೋದು.